ಸೆಲ್ವರಾಜನ ಬೀದಿ

ಕೋರಮಂಡಲ್‌ನ ನಾಲ್ಕು ಲೈನುಗಳನ್ನು, ಅಂದರೆ ಚಿನ್ನದ ಗಣಿ ಕಾರ್ಮಿಕರ ಸಾಲುಮನೆಗಳ ಬೀದಿಗಳನ್ನು, ಹನ್ನೊಂದು ವರ್ಷ ಗುಡಿಸಿದವಳು ವನಿತಾ. ಹಾಜರಿ ಪುಸ್ತಕದಲ್ಲಿದ್ದ ಹೆಸರು ಮಾತ್ರ ಅವಳ ಗಂಡ ಸೆಲ್ವರಾಜನದು. ಕೆಲಸಕ್ಕೆ ಸೇರಿದ ಮೂರೇ ತಿಂಗಳಿಗೆ ಅವನಿಗೆ ಸೊಂಟ ಹಿಡಿದುಕೊಂಡಿತು, ಪೊರಕೆ ಇವಳ ಕೈಗೆ ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗೆ. "ಮನೇಲಿ ಯಾರಾದ್ರೂ ಒಬ್ರು ಬಂದ್ರೆ ಸಾಕು" ಎಂದಿದ್ದ ಮೇಸ್ತ್ರಿ ಪೆರುಮಾಳ್. ಸೊಂಟ ವಾಸಿಯಾಗಿ ಹತ್ತು ವರ್ಷವಾಯಿತು, ಪೊರಕೆ ವಾಪಸ್ ಹೋಗಲಿಲ್ಲ. ಅವನು ಪೌರಕಾರ್ಮಿಕ. ಅವಳು ಮೇಸ್ತ್ರಿಗೆ ಸೆಲ್ವರಾಜನ ಹೆಂಡತಿ, ಲೈನಿನವರಿಗೆ ಕಸದಮ್ಮ.

ಈಗ ಕೆಲಸ ಕಾಯಂ ಮಾಡುವ ಪಟ್ಟಿ ಬರುವುದಿತ್ತು. ಅದರಲ್ಲಿ ತನ್ನ ಹೆಸರು ಹಾಕಿ ಎಂದು ವನಿತಾ ಮೂರು ಸಲ ಅರ್ಜಿ ಕೊಟ್ಟಳು. ಬಂದದ್ದು ಸೆಲ್ವರಾಜನ ಹೆಸರೇ. ಆದೇಶ ಕೊಡುವ ದಿನ ಆ ಮಹಾರಾಯ ಇಸ್ತ್ರಿ ಶರ್ಟು ಹಾಕಿಕೊಂಡು, ಮೈದಾನದಲ್ಲಿ ಹಾಕಿದ್ದ ಶಾಮಿಯಾನದ ಮುಂದಿನ ಸಾಲಿನಲ್ಲಿ ಕೂತ. ಆ ಮೈದಾನ ಗುಡಿಸಿದವಳು ಯಾರು ಅಂತ ಬೇರೆ ಹೇಳಬೇಕೇ?

ಅವನ ಹೆಸರು ಕೂಗಿದಾಗ ವನಿತಾಳೂ ಪೊರಕೆ ಸಮೇತ ಹಿಂದೆಯೇ ವೇದಿಕೆ ಹತ್ತಿದಳು.

"ಸಾರ್, ನಮ್ ಲೈನ್ ಯಾವ್ ಕಡೆಯಿಂದ ಗುಡಿಸ್ಬೇಕು, ಇವ್ರನ್ನ ಕೇಳಿ."

ಆದೇಶ ಕೊಡುತ್ತಿದ್ದ ಅಧಿಕಾರಿ ಸೆಲ್ವರಾಜನ ಮುಖ ನೋಡಿದರು. "ಬಸ್ ಸ್ಟಾಪ್ ಕಡೆಯಿಂದ," ಎಂದ ಅವನು, ಧೈರ್ಯವಾಗಿ.

ಕೆಳಗೆ ಕೂತಿದ್ದ ಗುಡಿಸುವ ಹೆಂಗಸರೆಲ್ಲ ನಕ್ಕುಬಿಟ್ಟರು. ಬೆಳಗಿನ ಗಾಳಿ ಬೀಸುವುದು ಗಣಿಯ ತ್ಯಾಜ್ಯ ಮಣ್ಣಿನ ಸೈನೈಡ್ ಗುಡ್ಡದ ಕಡೆಯಿಂದ, ಗುಡಿಸುವುದೂ ಅಲ್ಲಿಂದಲೇ; ಬಸ್ ಸ್ಟಾಪ್ ಇರುವುದು ಇನ್ನೊಂದು ತುದಿಗೆ. ಗಾಳಿಗೆ ಎದುರಾಗಿ ಗುಡಿಸಿದರೆ ಆ ಧೂಳೆಲ್ಲ ಕಣ್ಣಿಗೆ, ಎದೆಗೆ. ವನಿತಾ ಅದನ್ನು ಕೆಮ್ಮಿ ಕೆಮ್ಮಿ ಕಲಿತಿದ್ದಳು.

"ದಾಖಲೇಲಿ ಪೌರಕಾರ್ಮಿಕ ಅಂತ ಇರೋದು ಅವ್ರು. ನಾವೇನು ಮಾಡೋಕಾಗುತ್ತಮ್ಮಾ?" ಎಂದರು ಅಧಿಕಾರಿ.

ವನಿತಾ ಪೊರಕೆಯನ್ನು ಗಂಡನ ಕೈಗೆ ತುರುಕಿದಳು. "ಇಡ್ಕೊಳಯ್ಯಾ. ದಾಖಲೆ ನಿಂದು, ಕಸಾನೂ ನಿಂದೇ. ನಾಳೆ ಐದ್ ಗಂಟೆಗೆ ಓಗು."

ಮರುದಿನ ಐದಕ್ಕೆ ಅವನ ಕಂಬಳಿ ಎಳೆದು ಎಬ್ಬಿಸಿ ಕಳಿಸಿದಳು. ಅವನು ಬಸ್ ಸ್ಟಾಪ್ ಕಡೆಯಿಂದಲೇ ಶುರುಮಾಡಿದ. ಏಳಕ್ಕೆಲ್ಲ ಕಣ್ಣುಜ್ಜಿಕೊಂಡು, ಕೆಮ್ಮುತ್ತಾ ಕಟ್ಟೆಯ ಮೇಲೆ ಕೂತಿದ್ದನಂತೆ. ಪೆರುಮಾಳ್ ಓಡೋಡಿ ಮನೆ ಬಾಗಿಲಿಗೆ ಬಂದ.

"ವನಿತಮ್ಮಾ, ಒಸಿ ಬಾಮ್ಮಾ. ನಾಲ್ಕು ಲೈನೂ ಅಂಗೇ ಬಿದ್ದೈತೆ."

ಹನ್ನೊಂದು ವರ್ಷದಲ್ಲಿ ಅವನ ಬಾಯಿಂದ ಆ ಹೆಸರು ಬಂದದ್ದು ಅದೇ ಮೊದಲು.

"ಓಹೋ, ನನ್ ಎಸ್ರು ಗೊತ್ತೈತಾ ಮೇಸ್ತ್ರಿ?" ಅವಳು ಹೊಸ್ತಿಲ ಮೇಲೆ ಕೂತು ಕಾಫಿ ಕುಡಿಯುತ್ತಿದ್ದಳು. "ಅದನ್ನ ಆಜ್ರಿ ಪುಸ್ತಕದಲ್ಲಿ ಬರ್ಕೊಂಡ್ ಬನ್ನಿ. ಆಮೇಲೆ ಬತ್ತೀನಿ."