ಬಾನೆಟ್ ಮೇಲೊಂದು ಒದ್ದೆ ಬಟ್ಟೆ

ಕಾರು ನಡುರಸ್ತೆಯಲ್ಲಿ ಬುಸುಗುಟ್ಟಿ ಹೊಗೆಯುಗುಳಿ ನಿಂತಾಗ ಹೆಂಡತಿ ತಣ್ಣಗೆ ಹೇಳಿಬಿಟ್ಟಿದ್ದಳು: "ಇನ್ನೊಂದ್ಸಲ ಇದು ರೋಡಲ್ಲಿ ನಿಂತ್ರೆ ಗುಜರಿಗೆ ಹಾಕ್ತೀನಿ. ಅಷ್ಟೇ ರೀ."

ಅವನ ಜೀವ ಬಾಯಿಗೆ ಬಂತು. ಆ ಕಾರು ಅವನಿಗೆ ಮದುವೆಗಿಂತ ಹಳೆಯ ಸಂಬಂಧ. ಅದನ್ನು ಬಾಯಿಬಿಟ್ಟು ಹೇಳುವಷ್ಟು ಪೆದ್ದನಲ್ಲ, ಪುಣ್ಯ.

ಮನೆಯಲ್ಲಿ ಅವನ ಪರ ನಿಂತವರು ಅತ್ತೆಯೊಬ್ಬರೇ. ಜೀವಮಾನವೆಲ್ಲ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದ ಮೇಲೆ ಆಕೆಗೆ ಒಬ್ಬ ರೋಗಿಯೂ ಸಿಕ್ಕಿರಲಿಲ್ಲ. ಮನೆಮಂದಿಯೆಲ್ಲ ಗುಂಡುಕಲ್ಲಿನ ಹಾಗಿದ್ದರು. ಕಾರಿಗೆ ಬಿಸಿ ಏರಿತೆಂದು ಕೇಳಿದ್ದೇ ತಡ, ಮುಖ ಅರಳಿತು. ಕೈಯ ಹಿಂಬದಿಯಿಂದ ಬಾನೆಟ್ ಮುಟ್ಟಿ ನೋಡಿದರು, ಒದ್ದೆ ಬಟ್ಟೆ ಹಾಸಿದರು, ಹಾರನ್ ಒತ್ತಿದ ಎದುರುಮನೆಯವರಿಗೆ "ಶ್! ಈಗಷ್ಟೇ ಮಲಗಿದೆ" ಎಂದು ಗದರಿದರು.

ಮಾರನೆಯ ಬೆಳಗ್ಗೆ ಮೆಕ್ಯಾನಿಕ್ ಬಂದಾಗ ಕಾರಿನ ಮೂತಿಯಿಂದ ಗೇಟಿನವರೆಗೆ ಇರುವೆ ಸಾಲುಗಟ್ಟಿತ್ತು. ಎಂಜಿನ್ ಆರಿದೆಯೆಂದು ಖಾತ್ರಿ ಮಾಡಿಕೊಂಡು ಅವನು ರೇಡಿಯೇಟರಿನ ಮುಚ್ಚಳ ತಿರುಗಿಸಿದ, ಬೆರಳು ಅದ್ದಿದ. ಬೆರಳೆಲ್ಲ ಅಂಟಂಟು.

"ಇದಕ್ಕೇನು ಹಾಕಿದ್ದೀರಿ ಸಾರ್?"

"ಉಪ್ಪು-ಸಕ್ಕರೆ ನೀರು," ಎಂದು ಅತ್ತೆ ಮುಂದೆ ಬಂದರು. "ಮೈಯಲ್ಲಿದ್ದ ನೀರೆಲ್ಲ ಹೋಗಿತ್ತಪ್ಪಾ. ಬರೀ ನೀರು ಕೊಟ್ರೆ ಸುಸ್ತು ಹೋಗುತ್ತಾ?"

"ಅಯ್ಯೋ ಅಮ್ಮಾ, ಉಪ್ಪು ಬಿದ್ರೆ ಒಳಗೆಲ್ಲ ತುಕ್ಕು ಹಿಡಿಯುತ್ತೆ!"

"ನೀನು ಯಾವ ಆಸ್ಪತ್ರೇಲಿ ಕಲಿತಿದ್ದು?"

ಮೆಕ್ಯಾನಿಕ್ ಹಳೇ ನೀರನ್ನು ಕೆಳಗಿನಿಂದ ಬಸಿದು, ತಿಳಿನೀರು ಬರುವವರೆಗೂ ತೊಳೆದು, ಸೀಳಿದ್ದ ಪೈಪು ಬದಲಿಸಿ, ಹಸಿರು ಕೂಲೆಂಟ್ ತುಂಬಿದ. ಅತ್ತೆ ಪಕ್ಕದಲ್ಲೇ ನಿಂತು ಕ್ಯಾನಿನ ಮೇಲೆ ಎಕ್ಸ್‌ಪೈರಿ ತಾರೀಖು ಹುಡುಕಿದರು.

ಸಂಜೆ ಮೂವರೂ ಕಾರಿನಲ್ಲಿ ಹೊರಟರು. ಬಿಸಿ ತೋರಿಸುವ ಮುಳ್ಳಿನ ಮೇಲೇ ಅವನ ಕಣ್ಣು. ಅದು ನಡುವಿನಲ್ಲಿ ಅಲುಗದೆ ನಿಂತಿತ್ತು. ಅಬ್ಬಾ, ಬದುಕಿತು ಎಂದುಕೊಂಡ.

"ನಿಲ್ಲಿಸಿ ಅಳಿಯಂದ್ರೇ!" ಹಿಂದಿನ ಸೀಟಿನಿಂದ ಅತ್ತೆ ಗುಡುಗಿದರು. ಅವನು ಬೆಚ್ಚಿಬಿದ್ದು ಬ್ರೇಕ್ ಒತ್ತಿದ. ಹಿಂದೆ ಹಾರನ್ನುಗಳ ಗಲಾಟೆ ಎದ್ದಿತು.

"ಈಗಿನ್ನೂ ಜ್ವರ ಬಿಟ್ಟಿದೆ, ಇಷ್ಟು ಓಡಿಸ್ತಾರಾ? ಸ್ವಲ್ಪ ಸುಧಾರಿಸ್ಕೊಳ್ಲಿ."

ಕಾರು ರೋಡಲ್ಲಿ ನಿಂತೇಬಿಟ್ಟಿತ್ತು! ಹೆಂಡತಿ ಇಳಿದಳು. ಚಿಕ್ಕಂದಿನಲ್ಲಿ ಅಮ್ಮ ತನ್ನ ಹಣೆ ಮುಟ್ಟುತ್ತಿದ್ದಂತೆಯೇ ಬಾನೆಟ್ ಮುಟ್ಟಿದಳು. ಆಮೇಲೆ ಅವನ ಕಿಟಕಿಗೆ ಬಗ್ಗಿದಳು.

"ರೀ, ಇದನ್ನ ಗುಜರಿಗೆ ಹಾಕೋದು ಬೇಡ."

ಅವನಿಗೆ ಕಣ್ಣು ತುಂಬಿ ಬಂತು.

"ಇದು ಹೋದ್ರೆ," ಅವಳು ದನಿ ತಗ್ಗಿಸಿದಳು, "ಅಮ್ಮನಿಗೆ ಮುಂದಿನ ಪೇಷಂಟ್ ನೀವೇ."