ಗೋಡೆಯಾಚೆಯ ಟಕ್

ಇವರು ನುಡಿಸುವುದು ಪೆಡಲ್ ಸ್ಟೀಲ್ ಗಿಟಾರ್. ಗಿಟಾರ್ ಎಂದೊಡನೆ ಕೊರಳಿಗೆ ನೇತುಹಾಕಿಕೊಂಡು ಕುಣಿಯುವವರು ಕಣ್ಣ ಮುಂದೆ ಬಂದರೆ ಅವರನ್ನು ಮರೆತುಬಿಡಿ. ಇದು ನಾಲ್ಕು ಕಾಲಿನ ಮೇಲೆ ಅಡ್ಡ ಮಲಗಿದ ಹಲಗೆ. ಮದುವೆಯಾದ ಹೊಸದರಲ್ಲಿ ನಾನು ಅದನ್ನು ಇಸ್ತ್ರಿ ಮೇಜು ಎಂದುಕೊಂಡು ಮೇಲೊಂದು ಲಂಗ ಹರಡಿದ್ದೆ. ಇವರು ಎರಡು ದಿನ ಮಾತು ಬಿಟ್ಟಿದ್ದರು.

ಹಲಗೆಯ ಮೇಲೆ ಹತ್ತು ತಂತಿ. ಎಡಗೈಯಲ್ಲಿ ಹೆಬ್ಬೆರಳು ಗಾತ್ರದ ಉಕ್ಕಿನ ತುಂಡನ್ನು ಹಿಡಿದು ತಂತಿಗಳ ಮೇಲೆ ಜಾರಿಸಬೇಕು, ಬಲಗೈ ಬೆರಳುಗಳಿಗೆ ತಗಡಿನ ಉಗುರು ಸಿಕ್ಕಿಸಿಕೊಂಡು ಮೀಟಬೇಕು. ಮೊಣಕಾಲುಗಳಿಗೂ ಕೆಲಸ, ಬಲಗಾಲಿಗೂ ಕೆಲಸ. ಎಡಗಾಲಿಗೆ ಮಾತ್ರ ಮೂರು ಪೆಡಲ್. ಒತ್ತಿದರೆ ತಂತಿ ಬಿಗಿದು ಸ್ವರ ಮೇಲೇರುತ್ತದೆ, ಬಿಟ್ಟರೆ ಇಳಿಯುತ್ತದೆ. "ಒತ್ತೋದು ಯಾರು ಬೇಕಾದ್ರೂ ಒತ್ತಬಹುದು, ಹಾಡು ಇರೋದು ಬಿಡೋದ್ರಲ್ಲಿ ಕಣೇ" ಎಂದು ಇವರು ನೂರು ಸಲವಾದರೂ ಹೇಳಿರಬೇಕು. ನಾನು ಹೂಂ ಎಂದು ಬಟ್ಟೆ ಹೊಲಿಯುತ್ತಿದ್ದೆ.

ನಮ್ಮ ಮನೆಯ ಮುಂದಿನ ಕೋಣೆ ನನ್ನ ಹೊಲಿಗೆ ಯಂತ್ರಕ್ಕೆ, ಹಿಂದಿನದು ಇವರ ವಾದ್ಯಕ್ಕೆ. ನಡುವೆ ಒಂದೇ ಗೋಡೆ. ಅಳತೆ ಕೊಡಲು ಬರುವವರಿಗೆ ತೊಂದರೆಯಾಗಬಾರದೆಂದು ಇವರು ಹೆಡ್‌ಫೋನ್ ಹಾಕಿಕೊಂಡೇ ಅಭ್ಯಾಸ ಮಾಡುತ್ತಾರೆ. ಹಾಗಾಗಿ ಇಪ್ಪತ್ತೆರಡು ವರ್ಷದಲ್ಲಿ ನನ್ನ ಕಿವಿಗೆ ಬಿದ್ದಿದ್ದು ಹಾಡಲ್ಲ, ಪೆಡಲ್ಲಿನ ಸದ್ದು. ಒತ್ತಿದಾಗ ದಬ್, ಬಿಟ್ಟಾಗ ಟಕ್. ದಬ್, ಟಕ್, ದಬ್, ಟಕ್. ಮೊದಮೊದಲು ತಲೆ ಚಿಟ್ಟು ಹಿಡಿಯುತ್ತಿತ್ತು. ಆಮೇಲೆ ಅದು ನಿಂತರೆ ಸೂಜಿಗೆ ದಾರ ಪೋಣಿಸಲೂ ಮನಸ್ಸು ಬಾರದು ಎನ್ನುವ ಹಾಗಾಯಿತು.

ಬೇಸಿಗೆ ಮುಗಿಯುವ ಹೊತ್ತಿಗೆ ಆ ಟಕ್ ತಡವಾಗತೊಡಗಿತು. ದಬ್ ಸರಿಯಾಗಿಯೇ ಬರುತ್ತಿತ್ತು, ಟಕ್ ಮಾತ್ರ ಒಂದು ಎಳೆ ಹಿಂದೆ. ಮೊದಲು ಸ್ಪ್ರಿಂಗ್ ಸಡಿಲವಾಗಿರಬೇಕು ಎಂದುಕೊಂಡೆ. ಒಂದು ದಿನ ಇವರ ಕ್ಯಾನ್ವಾಸ್ ಶೂ ಒಗೆಯಲು ಎತ್ತಿಕೊಂಡು ತಿರುಗಿಸಿ ನೋಡಿದೆ. ಬಲ ಶೂ ನೆಟ್ಟಗಿತ್ತು, ಎಡ ಶೂವಿನ ತುದಿ ನೆಲಕ್ಕೆ ಉಜ್ಜಿ ಉಜ್ಜಿ ಬಾಯಿ ಬಿಟ್ಟಿತ್ತು. ಇವರು ಕಾಲೆಳೆದುಕೊಂಡು ನಡೆಯುತ್ತಿದ್ದರು. ಒತ್ತಲು ಬರುತ್ತಿತ್ತು, ಪಾದ ಎತ್ತಲು ಬರುತ್ತಿರಲಿಲ್ಲ.

ಹೇಳಲಿ ಎಂದು ಕಾದೆ. ಹೇಳಲಿಲ್ಲ. ಮೂರು ತಿಂಗಳು ಜೊತೆಗೇ ಕೂತು ಉಂಡು, ಒಂದೇ ಹಾಸಿಗೆಯಲ್ಲಿ ಮಲಗಿ, ಬಾಯಿಗೆ ಬೀಗ ಹಾಕಿಕೊಂಡಿದ್ದರು. ನನಗೆ ಭಯಕ್ಕಿಂತ ಮೊದಲು ಬಂದಿದ್ದು ಸಿಟ್ಟು. ನಾನೇನು ಬೀದಿಯಲ್ಲಿ ಹೋಗುವವಳೇ? ಆದರೂ ಕೇಳಲಿಲ್ಲ. ಕೇಳಿದರೆ ನಿಜವಾಗಿಬಿಡುತ್ತದೆ ಎಂಬ ಹೆದರಿಕೆ ನನಗೂ ಇತ್ತು.

ಅಷ್ಟರಲ್ಲಿ ಗಡಿಯಾರದವರ ಫೋನ್ ಬಂತು. ಅವರು ಸಂಗೀತ ನಿರ್ದೇಶಕರು. ವೇಳೆಯ ವಿಷಯದಲ್ಲಿ ಅಪ್ಪನ ಮಾತನ್ನೂ ಕೇಳದವರು, ಅದಕ್ಕೇ ಆ ಹೆಸರು. ನಾಲ್ಕು ಹಾಡು, ಹದಿನೈದು ದಿನ ಬಿಟ್ಟು ಬರುವ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಮೊದಲನೆಯದರ ರೆಕಾರ್ಡಿಂಗ್. ಇವರು ಫೋನ್ ಕೆಳಗಿಟ್ಟು ಹೇಳಿದರು: "ಈ ಸಲ ಎಡವಿದ್ರೆ ಮುಗೀತು. ಕೀಬೋರ್ಡಲ್ಲಿ ಇದೇ ಥರದ ಸ್ವರ ಬರುತ್ತಂತೆ. ಅವ್ರಿಗೆ ನನ್ನ ಯಾಕೆ ಕರೀಬೇಕು ಅನ್ನಿಸಿಬಿಟ್ರೆ ಇನ್ಯಾರೂ ಕರೆಯಲ್ಲ."

ಎಡವಿದರೆ ಎನ್ನುವಾಗ ಇವರು ನನ್ನ ಮುಖ ನೋಡಲಿಲ್ಲ.

ಆ ಸೋಮವಾರ ನಾನು ಹೊಲಿಗೆ ಯಂತ್ರ ಮುಚ್ಚಿಟ್ಟು ಚೀಲ ಹೆಗಲಿಗೇರಿಸಿದೆ. "ನೀನೆಲ್ಲಿಗೆ?" ಎಂದರು. "ವಾದ್ಯದ ಪೆಟ್ಟಿಗೆ ಯಾರು ಹೊರ್ತಾರೆ?" ಎಂದೆ. ಎಂದಿನ ಹಾಗೆ ನಾನೇ ಹೊರುತ್ತೇನೆ ಎನ್ನಲು ಬಾಯಿ ತೆರೆದವರು, ಮೆಟ್ಟಿಲು ನೋಡಿ ಪೆಟ್ಟಿಗೆಯ ಹಿಡಿ ನನ್ನ ಕೈಗೆ ಬಿಟ್ಟರು.

ಸ್ಟುಡಿಯೋದ ಕೋಣೆಗೆ ಕಿಟಕಿ ಇರಲಿಲ್ಲ. ಗೋಡೆಗೆಲ್ಲ ಮೆತ್ತೆ, ಎದುರಿಗೆ ಗಾಜು, ಗಾಜಿನಾಚೆ ಗಡಿಯಾರದವರು. ಅವರ ಪಕ್ಕದಲ್ಲಿ ಹೊದಿಕೆ ತೆಗೆದಿಟ್ಟ ಕೀಬೋರ್ಡ್. ಇವರು ವಾದ್ಯಕ್ಕೆ ಕಾಲು ಸಿಕ್ಕಿಸಿ, ಪೆಡಲ್ಲಿನ ಸರಳು ಜೋಡಿಸಿ, ತಂತಿ ಶ್ರುತಿ ಮಾಡಿದರು. ಸದ್ದು ತಡೆಯಲೆಂದು ಕಂಬಳಿ ಹೊದಿಸಿದ ಅಡ್ಡಹಲಗೆಯೊಂದನ್ನು ಗಾಜಿನ ಕಡೆಗೆ ಮರೆಯಾಗುವಂತೆ ತಾವೇ ಎಳೆದುಕೊಂಡರು. ಗಾಜಿನಿಂದ ನೋಡಿದರೆ ಈಗ ತಲೆ, ಕೈ ಕಾಣುತ್ತಿತ್ತು, ಕಾಲು ಕಾಣುತ್ತಿರಲಿಲ್ಲ.

"ಅಮ್ಮಾ, ನೀವು ಒಳಗೇ ಕೂತ್ಕೊಳ್ಳಿ, ಪರವಾಗಿಲ್ಲ. ಮಾತಾಡಿಸ್ಬಾರ್ದು ಅಷ್ಟೆ" ಎಂದಿತು ಸ್ಪೀಕರಿನಿಂದ ಗಡಿಯಾರದವರ ದನಿ. "ಮಾಸ್ಟರ್ರೇ, ಹನ್ನೊಂದಕ್ಕೆ ಪಿಟೀಲಿನವರು ಬರ್ತಾರೆ. ಅಷ್ಟರೊಳಗೆ ಆಗಬೇಕು. ಆಗ್ಲಿಲ್ಲ ಅಂದ್ರೆ ನಾನು ಬೇರೆ ದಾರಿ ನೋಡ್ತೀನಿ, ಬೇಜಾರು ಮಾಡ್ಕೋಬೇಡಿ."

ಕೆಂಪು ದೀಪ ಹತ್ತಿತು. ವಾದ್ಯದ ಸ್ವರವೆಲ್ಲ ವೈರಿನಲ್ಲಿ ಹಾದು ಅವರ ಕಿವಿಗೂ ಇವರ ಹೆಡ್‌ಫೋನಿಗೂ ಹೋಗುತ್ತಿತ್ತು. ಕೋಣೆಯಲ್ಲಿ ಉಳಿದಿದ್ದು ದಬ್, ಟಕ್. ಥೇಟ್ ನಮ್ಮ ಮನೆ. ನಾನು ಕಣ್ಣು ಮುಚ್ಚಿ ಕೇಳಿದೆ. ಮೊದಲ ಸಾಲು ಸರಿ, ಎರಡನೆಯದೂ ಸರಿ. ಮೂರನೆಯದರಲ್ಲಿ ಟಕ್ ಬರಬೇಕಾದಲ್ಲಿ ಬರಲಿಲ್ಲ. ಆಮೇಲೆ ಬಂತು.

"ಅಲ್ಲಿ ಅಪಸ್ವರ ಬಂತಲ್ಲ ಮಾಸ್ಟರ್ರೇ. ಇನ್ನೊಂದ್ಸಲ."

ಇನ್ನೊಂದು ಸಲ ಇನ್ನೂ ತಡವಾಯಿತು. ಇವರ ಕುತ್ತಿಗೆಯಿಂದ ಬೆವರು ಇಳಿದು ಅಂಗಿಯ ಕಾಲರ್ ಒದ್ದೆಯಾಗಿತ್ತು. ಗಾಜಿನಾಚೆ ಗಡಿಯಾರದವರು ಕೀಬೋರ್ಡಿನ ಮುಂದೆ ಕುರ್ಚಿ ಎಳೆದುಕೊಂಡು, ಒಂದೊಂದೇ ಕೀ ಒತ್ತಿ ನೋಡತೊಡಗಿದರು. "ಐದು ನಿಮಿಷ ಸುಧಾರಿಸ್ಕೊಳ್ಳಿ. ಕೊನೇ ಸಲ ನೋಡೋಣ" ಎಂದರು. ಗೋಡೆಯ ಗಡಿಯಾರದಲ್ಲಿ ಹತ್ತು ನಲವತ್ತು.

ನಾನು ಎದ್ದು ಇವರ ಪಕ್ಕಕ್ಕೆ ಹೋದೆ.

"ನಿಮ್ಮ ಪಾದ ಏಳ್ತಿಲ್ಲ" ಎಂದೆ ಮೆಲ್ಲಗೆ.

"ಯಾರು ಹೇಳಿದ್ದು?"

"ಗೋಡೆ ಹೇಳ್ತು. ಮೂರು ತಿಂಗಳಿಂದ ಹೇಳ್ತಾ ಇದೆ. ನೀವು ಹೇಳ್ಬೇಕಿತ್ತು."

ಇವರ ಮುಖ ಸುಣ್ಣದ ಹಾಗಾಯಿತು. "ಹೇಳಿದ್ರೆ ಏನ್ಮಾಡ್ತಿದ್ದೆ? ಡಾಕ್ಟ್ರು ಅಂತಿದ್ದೆ. ಡಾಕ್ಟ್ರು ನುಡಿಸ್ಬೇಡಿ ಅಂತಿದ್ರು. ಆಮೇಲೆ ನಾನು ಯಾರು ಹೇಳು?"

ಚೀಲದಲ್ಲಿ ಯಾರದೋ ಪೈಜಾಮಕ್ಕೆಂದು ತಂದಿದ್ದ ಹೊಸ ಲಾಡಿಯ ಸುರುಳಿ ಇತ್ತು. ಒಂದು ಮಾರು ಕತ್ತರಿಸಿದೆ. ನೆಲದಲ್ಲಿ ಕೂತು ಇವರ ಎಡ ಶೂವಿನ ತುದಿಯ ಎರಡು ಲೇಸ್ ತೂತುಗಳಲ್ಲಿ ಅದನ್ನು ಪೋಣಿಸಿ, ಎರಡೂ ಕೊನೆ ಸೇರಿಸಿ ಗಂಟು ಹಾಕಿ, ನನ್ನ ಬೆರಳುಗಳಿಗೆ ಸುತ್ತಿಕೊಂಡೆ.

"ಹುಚ್ಚು ಹಿಡಿದಿದೆಯಾ ನಿಂಗೆ?"

"ಒತ್ತೋದು ನೀವು. ಎತ್ತೋದು ನಾನು."

"ಹಾಡೇ ಕೇಳಿಲ್ಲ ನೀನು! ಯಾವಾಗ ಎತ್ತಬೇಕು ಅಂತ ಹೇಗೆ ಗೊತ್ತಾಗುತ್ತೆ?"

"ಹಾಡು ಯಾರಿಗೆ ಬೇಕು? ಹದಿನೈದು ದಿನ ಆಚೆ ಕೋಣೆಲಿ ಇದನ್ನೇ ಬಡಿದಿದ್ದೀರಲ್ಲ" ಎಂದೆ. ಒಂದು ಕೂದಲೆಳೆ ಮೊದಲು ಎತ್ತಿದರೆ ಅದೂ ಅಪಸ್ವರವೇ. ಇವರ ಕಾಲು ಮಾಡಿದ ತಪ್ಪಿಗೆ ಕಾಲು ಕಾರಣ. ನಾನು ತಪ್ಪಿದರೆ, ಇವರ ಇಪ್ಪತ್ತೆಂಟು ವರ್ಷದ ದುಡಿಮೆಯನ್ನು ಹೆಂಡತಿಯೇ ಕೈಯಾರೆ ಮುಗಿಸಿದ ಹಾಗೆ.

"ರೆಡೀನಾ?" ಎಂದಿತು ಸ್ಪೀಕರ್.

ಇವರು ಕೆಳಗೆ ನೋಡಿದರು. ನಾನು ಅಡ್ಡಹಲಗೆಯ ಮರೆಯಲ್ಲಿ, ವಾದ್ಯದ ಕಾಲಿಗೆ ತಲೆ ತಾಗಿಸಿ, ಮುಷ್ಟಿ ಬಿಗಿದು ಕೂತಿದ್ದೆ. "ರೆಡಿ" ಎಂದರು.

ಕೆಂಪು ದೀಪ.

ದಬ್. ನನ್ನೊಳಗೆ ಎಣಿಕೆ ಇರಲಿಲ್ಲ. ಗೋಡೆಯೇ ಎದುರಿಗೆ ಇದ್ದ ಹಾಗೆ ಕಾದೆ, ಎತ್ತಿದೆ. ಟಕ್. ಲಾಡಿ ಬೆರಳನ್ನು ಕೊಯ್ಯುತ್ತಿತ್ತು. ಮೊದಲ ಸಾಲು ಮುಗಿಯಿತು. ಎರಡನೆಯದರ ನಡುವೆ ಬೆವರಿಗೆ ಲಾಡಿ ಜಾರಿತು. ಇನ್ನೊಂದು ಸುತ್ತು ಸುತ್ತಿಕೊಳ್ಳುವಷ್ಟರಲ್ಲಿ ಮುಂದಿನ ದಬ್ ಬಂದೇಬಿಟ್ಟಿತ್ತು. ಹೇಗೋ ಎತ್ತಿದೆ. ಮೂರನೆಯ ಸಾಲು. ಇಲ್ಲಿ ಇವರ ಟಕ್ ಹದಿನೈದು ದಿನವೂ ತಡವಾಗಿಯೇ ಬಂದಿತ್ತು, ಸರಿಯಾದದ್ದನ್ನು ನಾನು ಕೇಳಿಯೇ ಇರಲಿಲ್ಲ. ಆದರೆ ಅದಕ್ಕೂ ಹಿಂದಿನ ಸಾವಿರ ಹಾಡುಗಳಲ್ಲಿ ಇಂಥ ದಬ್ ಆದ ಮೇಲೆ ಈ ಕಾಲು ಎಷ್ಟು ಹೊತ್ತು ತಡೆಯುತ್ತಿತ್ತು, ಹೇಗೆ ಇಷ್ಟಿಷ್ಟೇ ಸಡಿಲವಾಗಿ ಆಮೇಲೆ ಬಿಡುತ್ತಿತ್ತು ಎಂಬುದು ನನಗೆ ಗೊತ್ತಿತ್ತು. ಹಾಗೇ ಎತ್ತಿದೆ. ಕೊನೆಯ ಟಕ್ ಬಿದ್ದ ಮೇಲೂ ಲಾಡಿ ಬಿಗಿಹಿಡಿದೇ ಕೂತಿದ್ದೆ.

ದೀಪ ಆರಿತು. ಅಡ್ಡಹಲಗೆಯ ಅಂಚಿನಿಂದ ಗಾಜಿನಾಚೆ ಇಣುಕಿದೆ. ಕೀಬೋರ್ಡಿನ ಕುರ್ಚಿ ಖಾಲಿ ಇತ್ತು. ಸ್ವಲ್ಪ ಹೊತ್ತಿಗೆ ಸ್ಪೀಕರಿನಲ್ಲಿ ಹಾಡು ಮೊದಲಿನಿಂದ ಶುರುವಾಯಿತು, ಈಗ ನುಡಿಸಿದ್ದೇ. ಆ ಹಾಡನ್ನು ನಾನು ಕೇಳಿದ್ದು ಅದೇ ಮೊದಲು. ಯಾರೋ ಹೊರಡಲು ಎದ್ದು, ಹೊಸ್ತಿಲ ಹತ್ತಿರ ನಿಂತು, ಮತ್ತೆ ಒಳಗೆ ತಿರುಗಿ ನೋಡುವ ಹಾಗಿತ್ತು. ಇಷ್ಟು ವರ್ಷ ಗೋಡೆಯ ಆಚೆ ಇದು ನಡೆಯುತ್ತಿತ್ತೇ, ನಾನು ಈಚೆ ಕೂತು ಗುಂಡಿಗೆ ಕಾಜಾ ಹೊಲಿಯುತ್ತಿದ್ದೆನೇ ಎನ್ನಿಸಿತು.

ಮೂರನೆಯ ಸಾಲು ಬಂದಾಗ ಇವರು ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಇದು ನನ್ನ ಕಾಲು" ಎಂದರು. "ಹೋದ ವರ್ಷದ್ದು. ಚೆನ್ನಾಗಿದ್ದಾಗಿನ ಕಾಲು ಕಣೇ ಇದು." ಕಣ್ಣಲ್ಲಿ ನೀರು ತುಂಬಿ ಉಕ್ಕಿನ ತುಂಡಿನ ಮೇಲೆ ಬಿತ್ತು. ಇವರು ಅದನ್ನು ಒರೆಸಲಿಲ್ಲ.

ಬಾಗಿಲು ತೆರೆದು ಗಡಿಯಾರದವರು ಒಳಬಂದರು. "ಮೂರನೇ ಸಾಲಲ್ಲಿ ಏನು ಮಾಡಿದ್ರಿ ಮಾಸ್ಟರ್ರೇ" ಎನ್ನುತ್ತ ಅಡ್ಡಹಲಗೆ ದಾಟಿದವರು ಅಲ್ಲೇ ನಿಂತರು. ನೆಲದಲ್ಲಿ ನಾನು, ನನ್ನ ಕೈಯಲ್ಲಿ ಲಾಡಿ, ಲಾಡಿಯ ಕೊನೆಗೆ ಇವರ ಶೂ. ಬಿಚ್ಚಿಕೊಳ್ಳಲು ಹೋದೆ, ಗಂಟು ಬಿಗಿದು ಬೆರಳು ಕೆಂಪಾಗಿ ಊದಿತ್ತು. ಮುಗಿಯಿತು ಎಂದುಕೊಂಡೆ.

"ಎಡಪಾದ ಏಳಲ್ಲ ಸಾರ್" ಎಂದರು ಇವರು. "ಮೂರು ತಿಂಗಳಾಯ್ತು. ಮುಚ್ಚಿಟ್ಟಿದ್ದೆ. ಒತ್ತಿದ್ದು ನಾನು, ಬಿಟ್ಟಿದ್ದೆಲ್ಲ ಇವಳು."

ಗಡಿಯಾರದವರು ಶೂ ನೋಡಿದರು, ನನ್ನ ಬೆರಳು ನೋಡಿದರು. ಗೋಡೆಯ ಮೇಲಿನ ಗಡಿಯಾರ ಮಾತ್ರ ನೋಡಲಿಲ್ಲ.

"ನಾಳೆ ಡಾಕ್ಟರ ಹತ್ರ ಹೋಗಿ. ಗುರುವಾರ ಎರಡನೇ ಹಾಡು" ಎಂದರು ಕೊನೆಗೆ. ಆಮೇಲೆ ಬಾಗಿಲ ಕಡೆ ತಿರುಗಿ, "ಅವತ್ತು ಅಮ್ಮನಿಗೂ ಒಂದು ಹೆಡ್‌ಫೋನ್ ತೆಗೆದಿಡಿ" ಎಂದು ಹೊರಗಿದ್ದವರಿಗೆ ಕೂಗಿದರು.

"ಬೇಡ ಸಾರ್" ಎಂದೆ. "ಹಾಡು ಕೇಳಿದ್ರೆ ನನಗೆ ಟಕ್ ಕೇಳಲ್ಲ."

ಇವರು ಬಗ್ಗಿ, ತಗಡಿನ ಉಗುರು ತೆಗೆದು ಬದಿಗಿಟ್ಟು, ನನ್ನ ಬೆರಳಿನ ಗಂಟನ್ನು ನಿಧಾನವಾಗಿ ಬಿಚ್ಚತೊಡಗಿದರು.