ತಿಳಿನೀರಿನ ಚಿಪ್ಪು

ಗುಡ್ಡದ ಮೇಲೆ ಅಕ್ಕನ ದ್ರಾಕ್ಷಿ ತೋಟ, ಕೆಳಗೆ ಕೊಲ್ಲಿಯಲ್ಲಿ ತಂಗಿಯ ಚಿಪ್ಪಿನ ತೆಪ್ಪ. ಅಪ್ಪ ಬದುಕಿದ್ದಾಗಲೇ ಹಾಗೆ ಹಂಚಿಕೊಟ್ಟಿದ್ದ: ದೊಡ್ಡವಳಿಗೆ ಏರು, ಚಿಕ್ಕವಳಿಗೆ ನೀರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂದು ಭಾವ ಆಗಾಗ ನಗೆಯಾಡುತ್ತಿದ್ದ. ಇಬ್ಬರಲ್ಲಿ ಕೋಣ ಯಾರು ಎಂದು ತಂಗಿ ಕೇಳಿದರೆ ಮಾತ್ರ ಬೇರೆ ಮಾತು ತೆಗೆಯುತ್ತಿದ್ದ.

ತಂಗಿಯ ಕೆಲಸ ನೋಡುವವರಿಗೆ ಕೆಲಸವೇ ಅಲ್ಲ. ತೆಪ್ಪದಿಂದ ನೀರಿಗೆ ಹಗ್ಗಗಳನ್ನು ಇಳಿಬಿಡುವುದು. ಕಪ್ಪೆಚಿಪ್ಪಿನ ಮರಿಗಳು ನಾರಿನಂಥ ತಮ್ಮ ಗಡ್ಡದಿಂದ ಹಗ್ಗ ಹಿಡಿದುಕೊಂಡು, ಹರಿದು ಬಂದ ನೀರನ್ನೇ ಸೋಸಿ ತಿಂದು ಬೆಳೆಯುತ್ತವೆ. ಅವಕ್ಕೆ ಯಾರೂ ಮೇವು ಹಾಕುವುದಿಲ್ಲ. ಹಾಕುವುದಿಲ್ಲ ಎಂದೇ ತಂಗಿಯೂ ತಿಳಿದಿದ್ದಳು. ಅಕ್ಕ ತೋಟಕ್ಕೆ ಚೀಲದ ಗೊಬ್ಬರ ಸುರಿಯುವುದನ್ನು ನಿಲ್ಲಿಸಿದ ಮೇಲೆ ಗೊತ್ತಾಯಿತು, ಇಷ್ಟು ವರ್ಷ ಮೇವು ಹಾಕುತ್ತಿದ್ದವರು ಯಾರೆಂದು. ಮಳೆ ಬಂದಾಗಲೆಲ್ಲ ಗೊಬ್ಬರ ಇಳಿಜಾರಿನಲ್ಲಿ ಹರಿದು ಕೊಲ್ಲಿ ಸೇರುತ್ತಿತ್ತು. ನೀರು ಹಸಿರುಗಟ್ಟಿ, ಕಣ್ಣಿಗೆ ಕಾಣದ ಪಾಚಿ ಹುಲುಸಾಗಿ, ಚಿಪ್ಪಿನೊಳಗೆ ಮಾಂಸ ತುಂಬುತ್ತಿತ್ತು. ಒಮ್ಮೊಮ್ಮೆ ಪಾಚಿ ಅತಿಯಾಗಿ ನೀರು ಕೆಂಪಾಗುತ್ತಿದ್ದುದೂ ಉಂಟು. ಆಗ ಚಿಪ್ಪಿಗೆ ವಿಷ ಏರಿ ವಾರಗಟ್ಟಲೆ ಮಾರಾಟ ಬಂದ್. ಈಗ ಆ ಕಾಟವಿಲ್ಲ. ತೆಪ್ಪದ ಮೇಲೆ ನಿಂತರೆ ತಳದ ಮರಳು ಕಾಣುತ್ತದೆ. ಚಿಪ್ಪು ಮಾತ್ರ ಹೆಬ್ಬೆರಳಿನ ಗಾತ್ರಕ್ಕೆ ಬಂದು ನಿಂತುಬಿಟ್ಟಿದೆ. ಇನ್ನೊಂದು ಕೊಯ್ಲು ಹೀಗೇ ಆದರೆ ಬೇರೆ ಕಡೆ ನೋಡಿಕೊಳ್ಳುತ್ತೇನೆ ಎಂದು ಹೋಟೆಲಿನ ಅಡುಗೆಯವನು ಹೇಳಿಯಾಗಿತ್ತು. ಅವನನ್ನು ಬಿಟ್ಟರೆ ತಂಗಿಗೆ ಬೇರೆ ಗಿರಾಕಿ ಇರಲಿಲ್ಲ.

ಅಕ್ಕನಿಗೆ ಇದನ್ನು ಹೇಳುವುದು ಹೇಗೆ? ತೋಟ ಇನ್ನೇನು ಕೈಬಿಟ್ಟು ಹೋಯಿತು ಎನ್ನುವಾಗ ಅವಳನ್ನು ದಡ ಸೇರಿಸಿದ್ದೇ ಗೊಬ್ಬರವಿಲ್ಲದ ದ್ರಾಕ್ಷಿಯ ಈ ಹೊಸ ವೈನು. ಪೇಟೆಯವರು ಈಗ ರುಚಿಗಿಂತ ಮೊದಲು ಬಾಟಲಿಯ ಬೆನ್ನು ನೋಡುತ್ತಾರೆ: ಮಣ್ಣಿಗೆ ಏನು ಹಾಕಿದಿರಿ, ನೀರಿಗೆ ಏನು ಬಿಟ್ಟಿರಿ.

"ನಾಳೆ ದೊಡ್ಡ ಅಂಗಡಿಯವರು ಬರ್ತಾರೆ," ಎಂದಳು ಅಕ್ಕ, ಬಾಟಲಿಗಳಿಗೆ ಚೀಟಿ ಅಂಟಿಸುತ್ತ. "ಸಮುದ್ರಕ್ಕೂ ಒಳ್ಳೇದು ಅಂತ ಬರೀಬೇಕಾದ್ರೆ ಸಮುದ್ರ ನೋಡ್ಬೇಕಂತೆ. ತೆಪ್ಪಕ್ಕೆ ಕರ್ಕೊಂಡು ಹೋಗಿ ಒಂದು ಹಗ್ಗ ಎತ್ತಿ ತೋರಿಸ್ಬಿಡು."

"ಹಗ್ಗದಲ್ಲಿ ತೋರ್ಸೋಕೆ ಏನಿದೆ? ಎಲ್ಲಾ ಸಣ್ಣವು."

"ಮಕ್ಕಳು ಸಣ್ಣಗಿದ್ರೆ ಹೊಟ್ಟೆ ತುಂಬಾ ಹಾಕ್ಬೇಕಮ್ಮ."

ತಂಗಿಯ ಬಾಯಲ್ಲಿ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಬಾಟಲಿ ತೊಳೆಯುತ್ತಿದ್ದ ಭಾವ ಮಾತ್ರ ಎಲ್ಲವನ್ನೂ ಕೇಳಿಸಿಕೊಂಡ. ಹೆಂಡತಿಯ ವ್ಯಾಪಾರ, ನಾದಿನಿಯ ಮಾನ ಎರಡನ್ನೂ ಒಂದೇ ಏಟಿಗೆ ಉಳಿಸಬೇಕೆಂಬ ಉತ್ಸಾಹ ಅವನಿಗೆ ಬಂದಿತು.

ಮರುದಿನ ಅಂಗಡಿಯಾಕೆ ಬಂದಳು. ಸರಕು ನೋಡಿ ಖರೀದಿಸುವುದೇ ಅವಳ ಕೆಲಸ, ಹಾಗಾಗಿ ಮಾತು ಕಡಿಮೆ. ನಾಲ್ವರೂ ತೆಪ್ಪ ಹತ್ತಿದರು.

"ಮುಂದಿನ ಹಗ್ಗ ಎತ್ತು," ಎಂದ ಭಾವ. "ಅದಲ್ಲ, ಈ ಕಡೇದು."

ತಂಗಿ ರಾಟೆ ತಿರುಗಿಸಿದಳು. ಹಗ್ಗ ಭಾರವಾಗಿ ಬಂತು. ಹಗ್ಗಕ್ಕೆ ಸುತ್ತಿದ ಬಲೆಯ ಜಾಳಿಗೆಯೊಳಗೆ ಅಂಗೈಯಗಲದ, ತೊಳೆದು ಮಿರಮಿರ ಹೊಳೆಯುವ ಚಿಪ್ಪುಗಳು. ತನ್ನವಲ್ಲ ಎಂದು ಅವಳಿಗೆ ಹೊಳೆಯುವಷ್ಟರಲ್ಲೇ ಭಾರಕ್ಕೆ ಜಾಳಿಗೆ ಹರಿದು ಅಷ್ಟೂ ಚಿಪ್ಪು ಬುಳುಬುಳು ನೀರಿಗೆ ಬಿದ್ದವು. ನೀರು ತಿಳಿಯಾಗಿದ್ದರಿಂದ ಅವು ತಳ ಮುಟ್ಟುವವರೆಗೂ ಎಲ್ಲರಿಗೂ ಕಂಡವು.

"ಮಾರ್ಕೆಟ್ಟಿಂದ ತಂದ್ರಾ ಭಾವ?"

"ಸಾಫ್ ಮಾಡಿದ್ದನ್ನೇ ತಂದಿದ್ದೆ," ಎಂದ ಭಾವ ಮೆತ್ತಗೆ. "ನೀನು ಜಾಳಿಗೇಲಿ ಸುತ್ತೋದನ್ನ ನೋಡಿದ್ನಲ್ಲ, ಹಾಗೇ ಸುತ್ತಿದ್ದೆ."

"ಜಾಳಿಗೆ ಬರೀ ತೊಟ್ಟಿಲು ಭಾವ. ಅವೇ ಹಗ್ಗ ಹಿಡೀಬೇಕು. ಗಡ್ಡ ಬೋಳಿಸ್ಕೊಂಡು ಬಂದವು ಯಾವುದರಿಂದ ಹಿಡೀತವೆ?"

ತಂಗಿ ಪಕ್ಕದ ಹಗ್ಗ ಎತ್ತಿದಳು. ತನ್ನದೇ ಹಗ್ಗ, ತನ್ನವೇ ಬಡಕಲು ಚಿಪ್ಪು. ಒಂದನ್ನು ಚಾಕುವಿನಿಂದ ಬಿಡಿಸಿ ಅಂಗಡಿಯಾಕೆಯ ಕೈಗಿಟ್ಟಳು. ಇನ್ನು ಮುಚ್ಚಿಟ್ಟು ಫಲವಿಲ್ಲ ಎನಿಸಿ ಗೊಬ್ಬರ, ಪಾಚಿ, ಹೋಟೆಲಿನವನು ಎಲ್ಲವನ್ನೂ ಹೇಳಿದಳು. ದೂರುವ ದನಿಯಿರಲಿಲ್ಲ, ಹವಾಮಾನ ಹೇಳಿದ ಹಾಗೆ ಹೇಳಿದಳು.

"ನನಗ್ಯಾಕೆ ಹೇಳ್ಲಿಲ್ಲ?" ಎಂದಳು ಅಕ್ಕ.

"ಹೇಳಿದ್ರೆ ಮತ್ತೆ ಗೊಬ್ಬರ ಹಾಕ್ತಿದ್ಯಾ?"

ಅಕ್ಕ ಯೋಚಿಸಿದಳು. ಸುಳ್ಳು ಹೇಳುವ ಜಾಯಮಾನ ಅವಳದಲ್ಲ. "ಇಲ್ಲ."

"ಅದಕ್ಕೇ."

ಅಂಗಡಿಯಾಕೆ ಚಿಪ್ಪನ್ನು ತಿರುಗಿಸಿ ನೋಡುತ್ತಿದ್ದಳು. "ಬಾಟ್ಲಿ ಮೇಲೆ ಯಾರು ಏನು ಬೇಕಾದ್ರೂ ಬರೀತಾರೆ," ಎಂದಳು. "ಗೊಬ್ಬರ ನಿಲ್ಲಿಸಿದ್ದಕ್ಕೆ ಇಷ್ಟು ಸಣ್ಣ ಸಾಕ್ಷೀನ ಯಾರೂ ತೋರಿಸಿರಲಿಲ್ಲ. ವೈನ್ ತಗೋತೀನಿ. ಆದ್ರೆ ಸಮುದ್ರಕ್ಕೆ ಒಳ್ಳೇದು ಅಂತ ಮಾತ್ರ ಬರೆಯೋದು ಬೇಡ. ಒಳ್ಳೇದೋ ಕೆಟ್ಟದೋ ಅನ್ನೋದನ್ನ ನೀವು ಅಕ್ಕತಂಗೀರು ಕೂತು ತೀರ್ಮಾನ ಮಾಡಿ."

ಹೀಗೆ ತಂಗಿಯ ನಷ್ಟವೇ ಅಕ್ಕನ ವೈನಿಗೆ ಜಾಮೀನಾಯಿತು. ಅದರಿಂದ ಚಿಪ್ಪು ದಪ್ಪವಾಗಲಿಲ್ಲ.

ಅಕ್ಕತಂಗಿಯರು ಕೂತರು, ಆದರೆ ತೀರ್ಮಾನ ಮಾಡುವಂಥದ್ದೇನೂ ಉಳಿದಿರಲಿಲ್ಲ. ಗುಡ್ಡ ಕಡಲಿಗೆ ಚಾಚಿದ ಮೂತಿಯ ಆಚೆ, ನದಿ ಕಡಲು ಸೇರುವಲ್ಲಿ, ಬೇರೆಯವರ ತೋಟಗಳ ನೀರು ಇನ್ನೂ ಹಸಿರಾಗಿಯೇ ಇಳಿಯುತ್ತಿತ್ತು. ತೆಪ್ಪವನ್ನು ಅಲ್ಲಿಗೆ ಎಳೆದೊಯ್ಯುತ್ತೇನೆ ಎಂದಳು ತಂಗಿ. ಭಾವ ದೋಣಿ ತಂದ. ಅಕ್ಕ ತೋಟದ ಕೆಲಸ ಬಿಟ್ಟು ಬಂದು ದೋಣಿಯ ಹಿಂಬದಿಯಲ್ಲಿ ಕೂತಳು.

"ಅಲ್ಲಿ ನೀರು ಕೆಂಪಾದ್ರೆ?"

"ಆಗ ಮಾರಲ್ಲ. ತಿಳಿಯಾದ್ಮೇಲೆ ಮಾರ್ತೀನಿ."

ಅಕ್ಕ ಮೂತಿಯ ಆಚೆಗೆ ಕೈ ತೋರಿಸಿದಳು. "ಆ ತೋಟದವರು ನಿನ್ನೆ ಬಂದಿದ್ರು. ಅವರ ವೈನೂ ಹೋಗ್ತಿಲ್ಲವಂತೆ. ಗೊಬ್ಬರ ಬಿಟ್ಟು ಹೇಗೆ ಬೆಳೆಯೋದು, ಹೇಳ್ಕೊಡು ಅಂದ್ರು."

"ನೀನೇನಂದೆ?"

"ಆಗಲಿ ಅಂದೆ."

ಎಂಜಿನ್ನು ಹಿಡಿದು ಕೂತ ಭಾವ ಇಬ್ಬರ ಮುಖವನ್ನೂ ನೋಡದೆ ನೀರು ನೋಡುತ್ತಿದ್ದ. ತಂಗಿ ತೆಪ್ಪಕ್ಕೆ ಗಂಟು ಬಿಗಿದು, ಎಳೆಹಗ್ಗದ ಇನ್ನೊಂದು ತುದಿಯನ್ನು ಅಕ್ಕನ ಕೈಗೆ ಎಸೆದಳು.

"ಹೇಳ್ಕೊಡು," ಎಂದಳು. "ಸ್ವಲ್ಪ ನಿಧಾನವಾಗಿ ಹೇಳ್ಕೊಡು."